ಪದಕಗಳಿಗೆ ಸಾರ್ವಜನಿಕ ಹಣ: ಒಂದು ವಿಚಾರ

ಒಲಿಂಪಿಕ್ ಕ್ರೀಡೆಗಳು ಮುಗಿದ ಮರುದಿನ ನಮ್ಮ ದೇಶದಲ್ಲಿ ಎರಡು ಪ್ರಶ್ನೆಗಳು ತಪ್ಪದೆ ಕೇಳಿಬರುತ್ತವೆ. "ಇಷ್ಟು ದೊಡ್ಡ ದೇಶಕ್ಕೆ ಇಷ್ಟೇ ಪದಕಗಳೇ?" ಎಂಬುದು ಒಂದು. "ಊರಿಗೆ ದವಾಖಾನೆ ಇಲ್ಲ, ಶಾಲೆಗೆ ಮಾಸ್ತರರಿಲ್ಲ, ಹೀಗಿರುವಾಗ ಪದಕಗಳಿಗಾಗಿ ಹಣ ಸುರಿಯುವುದೇಕೆ?" ಎಂಬುದು ಇನ್ನೊಂದು. ಮೊದಲನೆಯದನ್ನು ಕೇಳುವವರು ಸರಕಾರ ಹೆಚ್ಚು ಖರ್ಚು ಮಾಡಲೆಂದು ಬಯಸುತ್ತಾರೆ. ಎರಡನೆಯದನ್ನು ಕೇಳುವವರು ಖರ್ಚೇ ಬೇಡವೆನ್ನುತ್ತಾರೆ. ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ಆದರೆ ಹಣ ಎಲ್ಲಿ, ಯಾವಾಗ, ಎಷ್ಟು ಕಾಲ ವೆಚ್ಚವಾಗಬೇಕು ಎಂಬುದನ್ನು ಇಬ್ಬರೂ ವಿಚಾರಿಸುವುದಿಲ್ಲ. ಆ ವಿಚಾರವನ್ನು, ನಮ್ಮದೇ ಕಾಡಿನಲ್ಲಿ ನಡೆದ ಒಂದು ಪ್ರಯೋಗವನ್ನು ಮುಂದಿಟ್ಟುಕೊಂಡು, ನನಗೆ ತಿಳಿದಮಟ್ಟಿಗೆ ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲು ಮಾತಿನ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಸರಕಾರ ಆಟಕ್ಕೆ ಮಾಡುವ ವೆಚ್ಚದಲ್ಲಿ ಎರಡು ಬಗೆ. ಶಾಲೆಯ ಬಯಲು, ದೈಹಿಕ ಶಿಕ್ಷಕರ ಸಂಬಳ, ಊರಿನ ವ್ಯಾಯಾಮಶಾಲೆ ಇವು ಎಲ್ಲರಿಗಾಗಿ ಆಗುವ ವೆಚ್ಚ. ಇದರ ಬಗ್ಗೆ ಯಾರೂ ತಕರಾರು ಎತ್ತುವುದಿಲ್ಲ. ಇನ್ನೊಂದು, ಸಾವಿರಾರು ಜನರಲ್ಲಿ ಒಬ್ಬನನ್ನೋ ಒಬ್ಬಳನ್ನೋ ಆರಿಸಿ, ತರಬೇತುದಾರರನ್ನು ಗೊತ್ತುಮಾಡಿ, ಆಹಾರ, ವಸತಿ, ಪ್ರವಾಸಗಳ ಭಾರವನ್ನು ಹೊತ್ತು, ಜಗತ್ತಿನ ಶ್ರೇಷ್ಠರೊಡನೆ ಸ್ಪರ್ಧಿಸಲು ಸಿದ್ಧಗೊಳಿಸುವ ವೆಚ್ಚ. ವಾದವಿರುವುದು ಈ ಎರಡನೆಯದರ ಬಗ್ಗೆ.

ನಮ್ಮ ಸಂವಿಧಾನದ ಪ್ರಕಾರ ಕ್ರೀಡೆಯು ರಾಜ್ಯಪಟ್ಟಿಯ ವಿಷಯ. ಆದರೂ ಶ್ರೇಷ್ಠಮಟ್ಟದ ಕ್ರೀಡಾಪಟುಗಳ ತಯಾರಿಯ ಬಹುಭಾಗವನ್ನು ಕೇಂದ್ರ ಸರಕಾರವೇ ವಹಿಸಿಕೊಂಡಿದೆ. 1982ರ ದಿಲ್ಲಿಯ ಏಷ್ಯನ್ ಕ್ರೀಡೆಗಳ ತರುವಾಯ, 1984ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಸ್ಥಾಪನೆಯಾಯಿತು. 2014ರಲ್ಲಿ ಒಲಿಂಪಿಕ್ ಪದಕದ ಭರವಸೆಯುಳ್ಳವರಿಗೆ ನೇರವಾಗಿ ನೆರವು ನೀಡುವ 'ಟಾಪ್ಸ್' ಯೋಜನೆಯೂ, ಅನಂತರ ಎಳೆಯರಿಗಾಗಿ 'ಖೇಲೋ ಇಂಡಿಯಾ' ಯೋಜನೆಯೂ ಬಂದವು. 2025-26ರ ಕೇಂದ್ರ ಆಯವ್ಯಯದ ಅಂದಾಜಿನಲ್ಲಿ ಯುವಜನ ಮತ್ತು ಕ್ರೀಡಾ ಖಾತೆಗೆ ಸುಮಾರು 3794 ಕೋಟಿ ರೂಪಾಯಿಗಳನ್ನು ತೆಗೆದಿಡಲಾಯಿತು. ಆ ವರ್ಷದ ಒಟ್ಟು ವೆಚ್ಚದ ಅಂದಾಜು 50 ಲಕ್ಷ ಕೋಟಿಗೂ ಮಿಗಿಲು. ಲೆಕ್ಕ ಹಾಕಿದರೆ ನೂರು ರೂಪಾಯಿಗೆ ಏಳೂವರೆ ಪೈಸೆ. ಈ ಏಳೂವರೆ ಪೈಸೆಯಿಂದ ದೇಶದ ಎಲ್ಲ ದವಾಖಾನೆಗಳೂ ಎದ್ದುನಿಲ್ಲುತ್ತಿದ್ದವು ಎಂದು ವಾದಿಸುವುದು ಕಷ್ಟ.

ಆದರೆ ಲೆಕ್ಕವನ್ನು ಇನ್ನೊಂದು ಬಗೆಯಿಂದಲೂ ಹಾಕಬಹುದು. 2024ರ ಪ್ಯಾರಿಸ್ ಒಲಿಂಪಿಕ್ಸಿನ ಸಿದ್ಧತೆಗೆ ಕೇಂದ್ರ ಸರಕಾರ ಸುಮಾರು 470 ಕೋಟಿ ರೂಪಾಯಿಗಳನ್ನು ವೆಚ್ಚಮಾಡಿತು. 117 ಮಂದಿ ಹೋದರು. ಒಂದು ಬೆಳ್ಳಿ, ಐದು ಕಂಚು, ಹೀಗೆ ಆರು ಪದಕಗಳು ಬಂದವು. ಆರರಿಂದ ಭಾಗಿಸಿದರೆ ಒಂದೊಂದು ಪದಕಕ್ಕೆ 78 ಕೋಟಿ! ಈ ಸಂಖ್ಯೆ ಕೇಳಿದರೆ ಎಂಥವನೂ ಹುಬ್ಬೇರಿಸುತ್ತಾನೆ. ಅದೇ 470 ಕೋಟಿಯನ್ನು 140 ಕೋಟಿ ಜನರಿಗೆ ಹಂಚಿದರೆ ತಲೆಗೆ ಮೂರೂಕಾಲು ರೂಪಾಯಿಯ ಮೇಲೆ ಸ್ವಲ್ಪ. ಅದೂ ಮೂರು ವರ್ಷಗಳಲ್ಲಿ ಸೇರಿ. ಈ ಸಂಖ್ಯೆ ಕೇಳಿದರೆ ಯಾರೂ ತಲೆ ಎತ್ತಿಯೂ ನೋಡುವುದಿಲ್ಲ. ಎರಡೂ ಲೆಕ್ಕಗಳು ಸರಿಯೇ. ಆದುದರಿಂದ ಬರಿಯ ಮೊತ್ತದಿಂದ ಈ ವಾದ ಇತ್ಯರ್ಥವಾಗುವುದಿಲ್ಲ. ಆ ಹಣ ಮಾಡಿದ ಕೆಲಸವೇನೆಂಬುದನ್ನು ನೋಡಬೇಕು.

ವೆಚ್ಚ ಬೇಡವೆನ್ನುವವರ ಪಕ್ಷವನ್ನು ಮೊದಲು ಕೇಳೋಣ. ಅವರ ಕೈಯಲ್ಲಿರುವ ಅತ್ಯಂತ ಬಲವಾದ ಸಾಕ್ಷಿಯೆಂದರೆ ಕ್ರೀಡಾಕೂಟಗಳ ಆತಿಥ್ಯ. ಕೆನಡಾದ ಮಾಂಟ್ರಿಯಲ್ ನಗರ 1976ರಲ್ಲಿ ಒಲಿಂಪಿಕ್ಸ್ ನಡೆಸಿತು; ಅದರ ಸಾಲ ತೀರಿದುದು 2006ರಲ್ಲಿ. ಆಟ ಎರಡು ವಾರ, ಸಾಲ ಮೂವತ್ತು ವರ್ಷ! ನಮ್ಮ ದಿಲ್ಲಿಯಲ್ಲಿ 2010ರಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡೆಗಳ ವೆಚ್ಚವು ಮೊದಲಿನ ಅಂದಾಜನ್ನು ಎಷ್ಟೋ ಪಾಲು ಮೀರಿ ಹೋಯಿತು. ಅದರ ಲೋಪಗಳನ್ನು 2011ರಲ್ಲಿ ಮಹಾಲೇಖಪಾಲರ ವರದಿ ಎತ್ತಿ ತೋರಿಸಿತು. ಅಲ್ಲಿ ನಮ್ಮವರು 38 ಚಿನ್ನ ಸೇರಿ 101 ಪದಕಗಳನ್ನು ಗೆದ್ದುದು ನಿಜ. ಆದರೆ ಹಣದ ಬಹುಪಾಲು ಹೋದದ್ದು ಆಟಗಾರರಿಗಲ್ಲ, ಕಟ್ಟಡಗಳಿಗೆ ಮತ್ತು ವೈಭವಕ್ಕೆ. ಮದುವೆಗೆ ಸಾಲಮಾಡಿ ಚಪ್ಪರ ಹಾಕಿಸಿ, ಮದುಮಗಳಿಗೆ ಸೀರೆ ಕೊಡಿಸಲು ಮರೆತಂತಾಯಿತು.

ಎರಡನೆಯದಾಗಿ ಅವರು ಹೇಳುವುದು: ನಿಜವಾದ ಸಾಮರ್ಥ್ಯವಿದ್ದವನು ಸರಕಾರದ ನೆರವಿಲ್ಲದೆಯೂ ಮೇಲೆ ಬರುತ್ತಾನೆ. ಇದಕ್ಕೆ ಖಾಶಾಬಾ ಜಾಧವರ ಹೆಸರನ್ನು ಹೇಳುತ್ತಾರೆ. ಹಳಿಯಾಳದ ಕಡೆಯ ಪೈಲವಾನರ ಬಾಯಲ್ಲಿ ಕೊಲ್ಲಾಪುರದ ಹೆಸರು ಆಗಾಗ ಬರುವುದರಿಂದ ನಮ್ಮವರಿಗೂ ಈ ಕಥೆ ಅಪರಿಚಿತವಲ್ಲ. 1952ರಲ್ಲಿ ಹೆಲ್ಸಿಂಕಿಗೆ ಹೋಗಲು ಜಾಧವರ ಬಳಿ ಹಣವಿರಲಿಲ್ಲ. ಊರವರು ಚಂದಾ ಎತ್ತಿದರು. ಕೊಲ್ಲಾಪುರದ ರಾಜಾರಾಮ ಕಾಲೇಜಿನ ಪ್ರಿನ್ಸಿಪಾಲರು ತಮ್ಮ ಮನೆಯನ್ನೇ ಒತ್ತೆಯಿಟ್ಟು ಏಳು ಸಾವಿರ ರೂಪಾಯಿ ಕೊಟ್ಟರು. ಜಾಧವರು ಕುಸ್ತಿಯಲ್ಲಿ ಕಂಚಿನ ಪದಕ ತಂದರು. ಸ್ವತಂತ್ರ ಭಾರತದ ಒಬ್ಬ ವ್ಯಕ್ತಿ ಗೆದ್ದ ಮೊದಲ ಒಲಿಂಪಿಕ್ ಪದಕವದು.

ಈ ಕಥೆಯನ್ನು ಕೇಳಿದಾಗ ರೋಮಾಂಚನವಾಗುತ್ತದೆ. ಆದರೆ ಅದು ವೆಚ್ಚ ಬೇಡವೆನ್ನುವವರ ಪರವಾದ ಸಾಕ್ಷಿಯೇ? ಜಾಧವರ ಅನಂತರ ಇಂಥ ಇನ್ನೊಂದು ವೈಯಕ್ತಿಕ ಪದಕ ಬಂದುದು 1996ರಲ್ಲಿ, ಲಿಯಾಂಡರ್ ಪೇಸರಿಂದ. ನಡುವೆ 44 ವರ್ಷ. ಮನೆ ಒತ್ತೆಯಿಡುವ ಪ್ರಿನ್ಸಿಪಾಲರು ಎಲ್ಲ ಕಾಲೇಜುಗಳಲ್ಲಿ ಇರುವುದಿಲ್ಲ. ಇರಬೇಕೆಂದು ಅಪೇಕ್ಷಿಸುವುದೂ ನ್ಯಾಯವಲ್ಲ. ಒಬ್ಬ ಜಾಧವರು ದಾಟಿಹೋದ ಹೊಳೆಯಲ್ಲಿ ಎಷ್ಟು ಮಂದಿ ಕೊಚ್ಚಿಹೋದರೆಂಬುದನ್ನು ಯಾರೂ ಬರೆದಿಟ್ಟಿಲ್ಲ.

ಇನ್ನು ವೆಚ್ಚ ಬೇಕೆನ್ನುವವರ ಪಕ್ಷ. ಹಣಕ್ಕೂ ಪದಕಕ್ಕೂ ಸಂಬಂಧವಿದೆಯೆಂಬುದು ಈಗ ಸಂದೇಹದ ವಿಷಯವಲ್ಲ. 1976ರ ಒಲಿಂಪಿಕ್ಸಿನಲ್ಲಿ ಆಸ್ಟ್ರೇಲಿಯಕ್ಕೆ ಒಂದು ಚಿನ್ನವೂ ಬರಲಿಲ್ಲ. 1981ರಲ್ಲಿ ಅಲ್ಲಿಯ ಸರಕಾರ ಕ್ಯಾನ್‌ಬೆರಾದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆಯನ್ನು ಸ್ಥಾಪಿಸಿತು. 2000ದಲ್ಲಿ ಸಿಡ್ನಿಯಲ್ಲಿ 16 ಚಿನ್ನ ಬಂದವು. ಬ್ರಿಟನ್ನಿಗೆ 1996ರಲ್ಲಿ ದೊರೆತುದು ಒಂದೇ ಚಿನ್ನ, ಸ್ಥಾನ 36ನೆಯದು. ಆ ಬಳಿಕ ಅವರು ಸರಕಾರಿ ಲಾಟರಿಯ ಉತ್ಪನ್ನದಲ್ಲಿ ಒಂದು ಭಾಗವನ್ನು ಶ್ರೇಷ್ಠ ಕ್ರೀಡಾಪಟುಗಳಿಗೆ ಮೀಸಲಿಟ್ಟರು. 2012ರಲ್ಲಿ ತಮ್ಮ ಲಂಡನ್ನಿನಲ್ಲಿಯೇ 29 ಚಿನ್ನ ಗೆದ್ದರು. ಎರಡು ದೇಶಗಳಲ್ಲಿಯೂ ಫಲ ಬರಲು ಹದಿನೈದು ಇಪ್ಪತ್ತು ವರ್ಷ ಹಿಡಿಯಿತೆಂಬುದನ್ನು ವಾಚಕರು ಗಮನಿಸಬೇಕು. ಅಡಿಕೆ ಸಸಿ ನೆಟ್ಟವನು ಮರುವರ್ಷವೇ ಕೊನೆ ಕೊಯ್ಯಲು ಹೋಗುವುದಿಲ್ಲ.

ಈ ಹಣವನ್ನು ಸರಕಾರವೇ ಏಕೆ ಕೊಡಬೇಕು, ಶ್ರೀಮಂತರು ಕೊಡಬಾರದೇ ಎಂದು ಕೇಳಬಹುದು. ಕ್ರಿಕೆಟ್ಟಿಗೆ ಪ್ರೇಕ್ಷಕರ ಹಣವೇ ಸಾಕಾಗಿ ಮಿಗುತ್ತದೆ. ಆದರೆ ಎಂಟುನೂರು ಮೀಟರ್ ಓಡುವ ಹುಡುಗಿಯನ್ನು ನೋಡಲು ಟಿಕೇಟು ಕೊಂಡು ಯಾರೂ ಬರುವುದಿಲ್ಲ. ಅವಳು ಗೆದ್ದ ಮೇಲೆ ಕಂಪನಿಗಳು ಬರುತ್ತವೆ, ಸರಕಾರಗಳು ಕೋಟಿಗಟ್ಟಲೆ ಬಹುಮಾನ ಸಾರುತ್ತವೆ. ಗೆದ್ದೆತ್ತಿನ ಬಾಲ ಹಿಡಿಯುವುದೆಂದರೆ ಇದೇ. ಹನ್ನೆರಡನೆಯ ವಯಸ್ಸಿನಲ್ಲಿ ಅವಳ ಓಟವನ್ನು ಒಬ್ಬ ಮಾಸ್ತರರು ಕಂಡುಹಿಡಿದ ದಿನದಿಂದ, ಇಪ್ಪತ್ತರಲ್ಲಿ ಅವಳು ಮೊದಲ ದೊಡ್ಡ ಪದಕ ಗೆಲ್ಲುವ ದಿನದವರೆಗಿನ ಎಂಟು ವರ್ಷಗಳಲ್ಲಿ ಅವಳ ಹಾಲು, ಮೊಟ್ಟೆ, ಬೂಟು, ಬಸ್ಸಿನ ಚಾರ್ಜು ಇವುಗಳನ್ನು ಕೊಡುವವರು ಯಾರು? ತಂದೆತಾಯಿಗಳಿಗೆ ಶಕ್ತಿಯಿದ್ದರೆ ಅವರು ಕೊಡುತ್ತಾರೆ. ಇಲ್ಲವಾದರೆ ಓಟ ಅಲ್ಲಿಗೇ ನಿಲ್ಲುತ್ತದೆ. ಅಂದರೆ ಸರಕಾರ ಕೈಬಿಟ್ಟಾಗ ಶ್ರೇಷ್ಠಮಟ್ಟದ ಕ್ರೀಡೆ ನಿಂತುಹೋಗುವುದಿಲ್ಲ. ಅದು ಉಳ್ಳವರ ಮಕ್ಕಳ ಸೊತ್ತಾಗುತ್ತದೆ, ಅಷ್ಟೆ.

ಈ ಎಂಟು ವರ್ಷಗಳ ಮಾತನ್ನು ನೆನಪಿನಲ್ಲಿಟ್ಟುಕೊಂಡು ಈಗ ನಮ್ಮ ಕಾಡಿಗೆ ಬರೋಣ.

ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾ, ಅಂಕೋಲಾ ತಾಲೂಕುಗಳ ಕಾಡಿನ ಅಂಚಿನಲ್ಲಿ ಸಿದ್ದಿ ಜನರು ವಾಸವಾಗಿದ್ದಾರೆ. ನಮ್ಮ ತರಗತಿಗಳಲ್ಲಿ ಅವರ ಮಕ್ಕಳು ನಮ್ಮೊಡನೆ ಕೂಡುವವರು. ಪರಿಚಯ ಹೇಳುವ ಅಗತ್ಯವಿಲ್ಲ. ಇವರ ಪೂರ್ವಿಕರನ್ನು ಆಫ್ರಿಕ ಖಂಡದಿಂದ, ಬಹುವಾಗಿ ಪೋರ್ತುಗೀಜರ ಕಾಲದಲ್ಲಿ, ಗುಲಾಮರನ್ನಾಗಿ ಗೋವೆಗೆ ತರಲಾಯಿತು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡನ್ನು ಸೇರಿದರು. ಹಿಂದು, ಕ್ರೈಸ್ತ, ಮುಸಲ್ಮಾನ ಮೂರು ಧರ್ಮದವರೂ ಅವರಲ್ಲಿದ್ದಾರೆ. ಡಮಾಮಿಯ ಬಡಿತಕ್ಕೆ ಮಾತ್ರ ಎಲ್ಲರೂ ಕೂಡಿಯೇ ಕುಣಿಯುತ್ತಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ವರ್ಗಗಳ ಪಟ್ಟಿಗೆ ಸೇರಿದುದು 2003ರಲ್ಲಿ.

ಆದರೆ ಅದಕ್ಕಿಂತ ಮೊದಲೇ ಸರಕಾರದ ಕಣ್ಣು ಇವರ ಮೇಲೆ ಒಮ್ಮೆ ಬಿದ್ದಿತ್ತು. ಕ್ರೀಡಾ ಪ್ರಾಧಿಕಾರವು ಗುಡ್ಡಗಾಡು, ಕರಾವಳಿ ಹಾಗೂ ಆದಿವಾಸಿ ಪ್ರದೇಶಗಳಲ್ಲಿ ಸಹಜ ಸಾಮರ್ಥ್ಯವುಳ್ಳ ಮಕ್ಕಳನ್ನು ಹುಡುಕಲು 'ವಿಶೇಷ ಪ್ರದೇಶ ಕ್ರೀಡಾ ಯೋಜನೆ'ಯೊಂದನ್ನು ಹಾಕಿಕೊಂಡಿತ್ತು. ಕೇಂದ್ರದಲ್ಲಿ ಕ್ರೀಡಾಖಾತೆಯನ್ನು ನೋಡಿಕೊಳ್ಳುತ್ತಿದ್ದವರು ಮಂಗಳೂರಿನವರಾದ ಮಾರ್ಗರೆಟ್ ಆಳ್ವಾ. ಅವರ ಆಸ್ಥೆಯಿಂದ 1987ರಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ, ಬೆಂಗಳೂರು ಮೊದಲಾದ ಕಡೆಗಳಲ್ಲಿ ಅಥ್ಲೆಟಿಕ್ ಶಿಕ್ಷಣ ಕೊಡಿಸುವ ಕಾರ್ಯ ಆರಂಭವಾಯಿತು. ಹೊಟ್ಟೆತುಂಬ ಊಟ, ಬೂಟು, ಶಾಲೆ, ತರಬೇತುದಾರರು ಇವೆಲ್ಲವೂ ಅವರಿಗೆ ದೊರೆತವು. ಫಲವೂ ಬೇಗನೆ ಕಂಡಿತು. ಕಮಲಾ ಸಿದ್ದಿ, ಫಿಲಿಪ್ ಆಂತೋನಿ ಸಿದ್ದಿ, ಜುಜೆ ಜಾಕಿ ಹರ್ನೋಡ್ಕರ್ ಮೊದಲಾದವರು ದೇಶದ ಮಟ್ಟದ ಕ್ರೀಡೆಗಳಲ್ಲಿ ಹೆಸರು ಗಳಿಸಿದರು.

1993ರಲ್ಲಿ ಈ ಕಾರ್ಯ ನಿಂತುಹೋಯಿತು. ಆರೇ ವರ್ಷ! ಬಲಿತವರಿಗೆ ಕ್ರೀಡೆಯ ಹೆಸರಿನಲ್ಲಿ ಸರಕಾರಿ ಚಾಕರಿ ಸಿಕ್ಕಿ ದಡ ಮುಟ್ಟಿದರು. ಎಳೆಯರು ಊರಿಗೆ ಮರಳಿ ಕೂಲಿ ಕೆಲಸಕ್ಕೆ ಸೇರಿದರು. ಓಟಗಾರರಾಗುವೆವೆಂದು ಮನೆ ಬಿಟ್ಟುಹೋದವರಿಗೆ ಓಟವೂ ಕೈಗೆ ಬರಲಿಲ್ಲ. ಕಾಡಿನ ಕೆಲಸದಲ್ಲಿ ಓರಗೆಯವರು ಪಡೆದಿದ್ದ ಪಳಗುವಿಕೆಯೂ ಇರಲಿಲ್ಲ.

ಈ ಯೋಜನೆ ಏಕೆ ಸೋತಿತೆಂದು ವಿಚಾರಿಸಿದರೆ ನಮ್ಮ ಮೂಲಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ.

ಮೊದಲನೆಯ ದೋಷ, ಅದರ ಬುಡದಲ್ಲಿದ್ದ ನಂಬಿಕೆ. ಆಫ್ರಿಕದವರು ಓಟದಲ್ಲಿ ಗೆಲ್ಲುತ್ತಾರೆ. ಸಿದ್ದಿಗಳು ಆಫ್ರಿಕ ಮೂಲದವರು. ಆದುದರಿಂದ ಸಿದ್ದಿಗಳು ಪದಕ ತರುತ್ತಾರೆ ಎಂಬ ತರ್ಕ ಕೇಳಲು ಸುಲಭ. ಆದರೆ ಆಫ್ರಿಕ ಒಂದು ಊರಲ್ಲ, ಖಂಡ. ಕೀನ್ಯದ ದೂರ ಓಟಗಾರರು ಬರುವುದು ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿನಷ್ಟು ಎತ್ತರದ ಪ್ರದೇಶದಿಂದ; ಅಲ್ಲಿ ಓಟಗಾರರ ಪರಂಪರೆ, ಶಾಲೆಗಳ ಸ್ಪರ್ಧೆ, ತರಬೇತಿಯ ಶಿಬಿರಗಳಿವೆ. ನಮ್ಮ ಸಿದ್ದಿಗಳ ಮೂಲವೇ ಬೇರೆ, ಅವರು ಶತಮಾನಗಳಿಂದ ಬಾಳಿದ ನೆಲವೂ ಬೇರೆ. ರಕ್ತದಲ್ಲಿ ಪದಕವಿದೆಯೆಂದು ನಂಬಿದವರು ಪದಕ ಬೇಗ ಬರಲಿಲ್ಲವೆಂದು ಬೇಗ ಬೇಸರಪಡುತ್ತಾರೆ. ಮಗುವನ್ನು ಮಗುವೆಂದು ನೋಡದೆ ಜಾತಿಯ ಮಾದರಿಯೆಂದು ನೋಡುವುದು ಅದಕ್ಕೆ ಮಾಡಿದ ಗೌರವವೂ ಅಲ್ಲ.

ಎರಡನೆಯದು, ಬೇರಿಲ್ಲದ ಗಿಡ. ಮಕ್ಕಳನ್ನು ಇಲ್ಲಿಂದ ಎತ್ತಿ ದೂರದ ನಗರದಲ್ಲಿ ನೆಟ್ಟರು. ಹಿಂದೆ ಉಳಿದ ಊರುಗಳಲ್ಲಿ ಒಂದು ಬಯಲು, ಒಬ್ಬ ತರಬೇತುದಾರ ಎಂಬುದೂ ಬೆಳೆಯಲಿಲ್ಲ. ಆದುದರಿಂದ ಯೋಜನೆ ನಿಂತ ದಿನವೇ ಅದರ ಗುರುತೂ ಅಳಿಯಿತು. ಇದಕ್ಕೆ ಹೋಲಿಸಿ ಹಳಿಯಾಳದ ಕುಸ್ತಿಯನ್ನು ನೋಡಿರಿ. ಅಲ್ಲಿ ತಾಲೀಮು ಊರಿನದು, ಜಾತ್ರೆಯ ಕಣ ಊರಿನದು, ಉಸ್ತಾದರು ಊರಿನವರು. ಸರಕಾರದ ನೆರವು ಅದರ ಮೇಲೆ ಬಂದುದು. ಆದುದರಿಂದ ಅದು ಬಾಳಿತು. ವಿಶೇಷ ಪ್ರದೇಶ ಯೋಜನೆಯಿಂದಲೇ ರಾಜಸ್ಥಾನದ ಕಾಡಿನಲ್ಲಿ ಸಿಕ್ಕ ಲಿಂಬಾರಾಮ್ 1988, 1992, 1996 ಈ ಮೂರು ಒಲಿಂಪಿಕ್ಸುಗಳಲ್ಲಿ ಭಾರತಕ್ಕಾಗಿ ಬಿಲ್ಲು ಹಿಡಿದರು. ಬಿಲ್ಲುಬಾಣ ಅವರ ಮನೆಯ ಆಯುಧವಾಗಿತ್ತು. ಸರಕಾರ ಇದ್ದ ಬೇರಿಗೆ ನೀರೆರೆಯಿತು.

ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ನಡುವೆ ಕೈಬಿಟ್ಟುದು. ಹನ್ನೆರಡರ ಮಗುವಿಗೆ ಎಂಟು ವರ್ಷ ಬೇಕೆಂದು ಮೇಲೆ ಹೇಳಿದೆ. ಖೇಲೋ ಇಂಡಿಯಾ ಯೋಜನೆ ಆರಿಸಿಕೊಂಡವರಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳಂತೆ ಎಂಟು ವರ್ಷಗಳ ನೆರವನ್ನು ಗೊತ್ತುಪಡಿಸಿದುದು ಈ ಸತ್ಯವನ್ನರಿತೇ ಇರಬೇಕು. ಎಂಟು ವರ್ಷದ ಕೆಲಸವನ್ನು ಆರು ವರ್ಷಕ್ಕೆ ನಿಲ್ಲಿಸಿದರೆ ಉಳಿಯುವುದು ಎರಡು ವರ್ಷದ ಹಣ. ಹಾಳಾಗುವುದು ಆರು ವರ್ಷದ ಹಣ ಮತ್ತು ಮಕ್ಕಳ ಆರು ವರ್ಷದ ಬಾಳು. ಅರ್ಧ ಕಟ್ಟಿದ ಸೇತುವೆಗಿಂತ ಸೇತುವೆಯಿಲ್ಲದಿರುವುದೇ ಮೇಲು. ಇಲ್ಲದಿದ್ದರೆ ಜನರು ದೋಣಿಯನ್ನಾದರೂ ನಂಬುತ್ತಾರೆ.

ಇಲ್ಲಿ ನನ್ನೂರಾದ ಅಣಶಿಯ ಒಂದು ಮಾತನ್ನು ಹೇಳಬೇಕೆನಿಸುತ್ತದೆ. ಸಿದ್ದಿ ಮಕ್ಕಳ ಯೋಜನೆ ಹುಟ್ಟಿದ 1987ರಲ್ಲಿಯೇ ಅಣಶಿಯ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲ್ಪಟ್ಟಿತು. 2007ರಲ್ಲಿ ದಾಂಡೇಲಿ ಅಭಯಾರಣ್ಯದೊಡನೆ ಕೂಡಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಕಾಳಿಯ ಹೆಸರನ್ನು ಪಡೆಯಿತು. ಹುಲಿಗಾಗಿ ಹಣ ಏಕೆಂದು ಕೇಳುವವರು ನಮ್ಮೂರಿನಲ್ಲಿಯೂ ಉಂಟು, ಅವರ ಕಷ್ಟವೂ ಸುಳ್ಳಲ್ಲ. ಆದರೆ ಒಂದು ವಿಷಯವನ್ನು ಒಪ್ಪಲೇಬೇಕು: ಮಂತ್ರಿಗಳು ಬದಲಾದರೂ, ಹೆಸರು ಬದಲಾದರೂ, ಕಾಡಿನ ಕಾವಲು ನಿಲ್ಲಲಿಲ್ಲ. ಕಾಡು ಬೆಳೆಯಲು ಕಾಲ ಬೇಕೆಂಬುದು ಸರಕಾರಕ್ಕೆ ಗೊತ್ತಿತ್ತು. ಮಕ್ಕಳು ಬೆಳೆಯಲು ಕಾಲ ಬೇಕೆಂಬುದು ಗೊತ್ತಿರಲಿಲ್ಲವೇ?

ಈಗ ಅತ್ಯಂತ ಕಠಿಣವಾದ ಆಕ್ಷೇಪಕ್ಕೆ ಬರುತ್ತೇನೆ. ಮಳೆಗಾಲದಲ್ಲಿ ನಮ್ಮ ಕಡೆಯ ಹಳ್ಳಿಗಳಿಂದ ರೋಗಿಯನ್ನು ದವಾಖಾನೆಗೆ ಸಾಗಿಸುವ ಕಷ್ಟವನ್ನು ಕಂಡವರು, "ಒಬ್ಬಳ ಎಂಟು ವರ್ಷದ ಓಟಕ್ಕೆ 40 ಲಕ್ಷ ರೂಪಾಯಿ ಕೊಡುತ್ತೀರೋ, ಊರಿಗೆ ಒಂದು ಕಾಲುಸಂಕ ಕಟ್ಟಿಸುತ್ತೀರೋ?" ಎಂದು ಕೇಳಿದರೆ ನಾನು ಸಂಕವನ್ನೇ ಆರಿಸುವೆನು. ಪ್ರಾಣಕ್ಕಿಂತ ಪದಕ ದೊಡ್ಡದೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ನಿಜವಾದ ಆಯ್ಕೆ ಎಂದಾದರೂ ಹಾಗೆ ಬರುತ್ತದೆಯೇ? ಓಟಗಾರ್ತಿಯ ಹಣ ಉಳಿದರೆ ಅದು ನಮ್ಮೂರಿನ ಸಂಕವಾಗುವುದೆಂದು ಯಾವ ಆಯವ್ಯಯದಲ್ಲಿಯೂ ಬರೆದಿಲ್ಲ. 1993ರಲ್ಲಿ ಉಳಿದ ಹಣದಿಂದ ಯಾವ ಸಿದ್ದಿ ಹಳ್ಳಿಗೂ ದವಾಖಾನೆ ಬಂದುದನ್ನು ನಾನು ಕೇಳಿಲ್ಲ. ಸಂಕಕ್ಕೆ ಹಣವಿಲ್ಲವೆಂಬ ಜಗಳವನ್ನು ನಾವು ಆಡಲೇಬೇಕು. ಆದರೆ ನೂರು ರೂಪಾಯಿಯಲ್ಲಿ ಏಳೂವರೆ ಪೈಸೆ ಪಡೆಯುವವರೊಡನೆ ಮಾತ್ರ ಆ ಜಗಳವಾಡಿದರೆ ಗೆದ್ದರೂ ಸಿಗುವುದು ಅಷ್ಟೇ.

ಹಾಗಾದರೆ ಸರಕಾರ ಶ್ರೇಷ್ಠಮಟ್ಟದ ಕ್ರೀಡೆಗೆ ಸಾರ್ವಜನಿಕ ಹಣವನ್ನು ಕೊಡಬೇಕೋ ಬೇಡವೋ? ನನ್ನ ಅಭಿಪ್ರಾಯದಲ್ಲಿ ಕೊಡಬೇಕು. ಆದರೆ ಮೂರು ನಿಯಮಗಳಿಗೆ ಒಳಪಟ್ಟು. ಒಂದು, ಹಣ ಆತಿಥ್ಯದ ವೈಭವಕ್ಕಿಂತಲೂ, ಗೆದ್ದ ಮೇಲಿನ ಬಹುಮಾನಕ್ಕಿಂತಲೂ ಮೊದಲು, ಕಂಡುಹಿಡಿದ ದಿನಕ್ಕೂ ಗೆದ್ದ ದಿನಕ್ಕೂ ನಡುವಿನ ವರ್ಷಗಳಿಗೆ ಸಲ್ಲಬೇಕು. ಎರಡು, ಮಗುವನ್ನು ಕರೆದೊಯ್ದ ಊರಿಗೆ ಒಂದು ಬಯಲು ಮತ್ತು ಒಬ್ಬ ಶಿಕ್ಷಕನಾದರೂ ಬರಬೇಕು. ಆಗ ಒಬ್ಬಳ ಪದಕಕ್ಕೆ ಕೊಟ್ಟ ಹಣದಲ್ಲಿ ನೂರು ಮಕ್ಕಳ ಆರೋಗ್ಯಕ್ಕೂ ಪಾಲು ಸಿಗುತ್ತದೆ. ಮೂರು, ಕೈಹಿಡಿದವರನ್ನು ಎಂಟು ವರ್ಷ ಬಿಡಬಾರದು. ಪದಕ ಬಾರದಿದ್ದರೂ ಅವರ ಓದು ಮುಗಿದು ಹೊಟ್ಟೆಯ ದಾರಿ ಕಾಣುವಂತಿರಬೇಕು. ಓಟದಲ್ಲಿ ಒಬ್ಬರು ಗೆದ್ದರೆ ಏಳು ಮಂದಿ ಸೋಲುತ್ತಾರೆ. ಆ ಏಳು ಮಂದಿಯ ಗತಿಯನ್ನು ವಿಚಾರಿಸದ ಯೋಜನೆ ಜೂಜಾಗುತ್ತದೆ. ಪಣವಾಗಿ ಇಡುವುದು ಬಡವರ ಮಕ್ಕಳನ್ನು.

ಮುಂಡಗೋಡದ ಕಡೆ ಇತ್ತೀಚಿನ ವರ್ಷಗಳಲ್ಲಿ ಸರಕಾರೇತರ ಸಂಸ್ಥೆಯೊಂದು ಸಿದ್ದಿ ಮಕ್ಕಳೂ ಸೇರಿದಂತೆ ಸುತ್ತಲಿನ ಹುಡುಗ ಹುಡುಗಿಯರಿಗೆ ಅವರ ನೆಲದಲ್ಲಿಯೇ ಓಟವನ್ನು ಕಲಿಸುವ ಕೆಲಸಕ್ಕೆ ಕೈಹಾಕಿದೆ. ಮೊದಲು ಸರಕಾರ ಬಿಟ್ಟಲ್ಲಿಂದ ಇನ್ನೊಬ್ಬರು ಎತ್ತಿಕೊಂಡಿದ್ದಾರೆ. ಸಾರ್ವಜನಿಕ ಹಣ ಇಂಥ ಬೇರುಗಳಿಗೆ ಹರಿದರೆ ಅದನ್ನು ದುಂದೆಂದು ಯಾರೂ ಹೇಳಲಾರರು.

ನಮ್ಮ ಕಾಲೇಜಿನ ವಾರ್ಷಿಕ ಕ್ರೀಡೆಗಳ ದಿನ, ಬರಿಗಾಲಿನಲ್ಲಿ ಓಡಿ ಬೂಟು ತೊಟ್ಟವರನ್ನು ಹಿಂದೆ ಹಾಕುವ ಗೆಳೆಯ ಗೆಳತಿಯರನ್ನು ನಾವೆಲ್ಲರೂ ನೋಡಿ ಚಪ್ಪಾಳೆ ತಟ್ಟಿದ್ದೇವೆ. ಮರುದಿನ ಅವರಲ್ಲಿ ಕೆಲವರು ಕೂಲಿಗೆ ಹೋಗುವುದರಿಂದ ತರಗತಿಗೆ ಬರುವುದಿಲ್ಲ. ಚಪ್ಪಾಳೆಗೆ ಹಣ ಬೇಡ. ಮರುದಿನಕ್ಕೆ ಬೇಕು.